ಕರೆಂಟು ಉಳಿಸಲು ಹೊರಟವನ ಪಾಡು

ಕರೆಂಟು ಇದ್ದಾಗ ನಮ್ಮನ್ನು ಯಾರೂ ನೆನೆಯುವುದಿಲ್ಲ. ಹೋದಾಗ ಮಾತ್ರ ನಮ್ಮ ಅಪ್ಪ ಅಮ್ಮನನ್ನೂ ಸೇರಿಸಿ ನೆನೆಯುತ್ತಾರೆ. ಕರೆಂಟ್ ಆಫೀಸಿನಲ್ಲಿ ಜೂನಿಯರ್ ಎಂಜಿನಿಯರ್ ಆಗಿ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ನೀರು ಕುಡಿದ ನನಗೆ ಅದು ಅಭ್ಯಾಸವಾಗಿತ್ತು. ಅಷ್ಟರಲ್ಲಿ ಹೊಸದೊಂದು ಶುರುವಾಯಿತು. ಪ್ರಪಂಚದ ಜನವೆಲ್ಲ ಸೇರಿ ವಿಪರೀತ ಕರೆಂಟು ಉರಿಸುತ್ತಿದ್ದಾರೆ, ಅದಕ್ಕೆ ಕಲ್ಲಿದ್ದಲು ಸುಟ್ಟು ಸುಟ್ಟು ಭೂಮಿ ಕಾಯುತ್ತಿದೆ, ಆದ್ದರಿಂದ ಜನರಿಗೆ ತಿಳಿವಳಿಕೆ ಹೇಳಿ ಎಂದು ಮೇಲಿನಿಂದ ಆದೇಶ ಬಂತು. ಆಫೀಸಿನಲ್ಲಿ ಯಾರ ಗಂಟಲು ದೊಡ್ಡದು ಎಂದು ನೋಡಿದರು. ನನ್ನದೇ ಆಗಿತ್ತು. ಹೋಟೆಲಿನವನೇ ಬಾಗಿಲಲ್ಲಿ ನಿಂತು 'ಕಡಿಮೆ ತಿನ್ನಿ' ಎಂದು ಕೂಗಿದರೆ ಏನೇನಾಗುತ್ತದೋ ಅದೆಲ್ಲ ನನಗೆ ಆಗಿದೆ, ಈಗಲೂ ಆಗುತ್ತಲೇ ಇದೆ.

ಹೊಗೆ ಇಲ್ಲದ ಗಾಡಿ

ತುಮಕೂರಿನಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಗಣಿತದ ಮೇಷ್ಟ್ರು. ಅವರು ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಂಡ ದಿನದಿಂದ ನಮ್ಮ ಬೀದಿಯಲ್ಲಿ ಪೆಟ್ರೋಲ್ ಗಾಡಿ ಇಟ್ಟುಕೊಂಡವರಿಗೆ ಬದುಕುವುದೇ ಕಷ್ಟವಾಯಿತು. ಯಾರಾದರೂ ಬೈಕಿಗೆ ಕಿಕ್ ಹೊಡೆದರೆ ಮೇಷ್ಟ್ರು ಗೇಟಿಗೆ ಬಂದು ಮೂಗಿಗೆ ಕರ್ಚೀಫ್ ಹಿಡಿದು ನಿಲ್ಲುವರು. ಕೆಮ್ಮು ಬರದಿದ್ದರೂ ಕೆಮ್ಮುವರು.

ಒಂದು ಬೆಳಿಗ್ಗೆ ನನ್ನನ್ನೂ ಹಿಡಿದರು. "ಏನ್ರೀ, ಕರೆಂಟ್ ಆಫೀಸ್‌ನೋರಾಗಿ ಇನ್ನೂ ಈ ಹೊಗೆ ಗಾಡೀಲಿ ಓಡಾಡ್ತೀರಲ್ಲ. ನನ್ ಗಾಡಿ ನೋಡಿ. ಒಂದು ಚೂರು ಹೊಗೆ ಇಲ್ಲ."

ನನಗೆ ತಿಳಿವಳಿಕೆ ಹೇಳುವ ಚಟ ಆಗತಾನೆ ಹತ್ತಿತ್ತು. "ಒಳ್ಳೇದೇ ಮೇಷ್ಟ್ರೇ. ಆದ್ರೆ ಚಾರ್ಜ್ ಮಾಡೋ ಕರೆಂಟ್ ಎಲ್ಲಿಂದ ಬರುತ್ತೆ? ಅದ್ರಲ್ಲಿ ಒಂದಷ್ಟು ಕಲ್ಲಿದ್ದಲು ಸುಟ್ಟೇ ಮಾಡಿದ್ದು. ಒಂದಿಷ್ಟಾದ್ರೂ ಹೊಗೆ ಅಲ್ಲಿ ಬರುತ್ತೆ."

"ಅಲ್ಲಿ ಅಂದ್ರೆ ಎಲ್ಲಿ?"

"ಉತ್ತರದ ಜಿಲ್ಲೆಗಳ ಕಡೆ."

ಮೇಷ್ಟ್ರ ಮುಖ ಅರಳಿತು. "ನಮ್ ಜಿಲ್ಲೆ ಅಲ್ವಲ್ಲ? ಮತ್ತೇನು! ಸೊಳ್ಳೆ ನಮ್ಮನೆ ಕಿಟಕಿಯಿಂದ ಆಚೆಗೆ ಹೋದ್ಮೇಲೆ ಯಾರ ಮನೆಗೆ ಹೋಯ್ತು ಅಂತ ವಿಚಾರಿಸ್ತೀವೇನ್ರೀ?" ಎಂದು ಹೇಳಿ, ಸದ್ದಿಲ್ಲದೆ ಗಾಡಿ ತಿರುಗಿಸಿಕೊಂಡು ಹೋದರು. ಹೋಗಿದ್ದು ನಾಲ್ಕು ಮನೆಯಾಚೆಯ ಹಾಲಿನ ಬೂತಿಗೆ. ಅಲ್ಲಿಗೆ ಮುಂಚೆ ಅವರು ನಡೆದುಕೊಂಡೇ ಹೋಗುತ್ತಿದ್ದರು.

ಕಡಿಮೆ ಮೇಯುವ ಬಲ್ಬು

ಗುಬ್ಬಿಯಲ್ಲಿದ್ದಾಗ ನಿಟ್ಟೂರಿನ ಕಡೆ ಎಲ್‌ಇಡಿ ಬಲ್ಬಿನ ಪ್ರಚಾರಕ್ಕೆ ಹೋಗಿದ್ದೆ. ಹಳೆ ಬಲ್ಬು ಎಮ್ಮೆ ಮೇದ ಹಾಗೆ ಕರೆಂಟು ಮೇಯುತ್ತದೆ, ಇದು ಮೇಕೆಮರಿ, ಒಂದು ಹಿಡಿ ಸೊಪ್ಪು ಹಾಕಿದರೆ ಸಾಕು ಎಂದು ನಾನು ಹೇಳಿದ್ದು ಅಲ್ಲಿನ ಒಬ್ಬ ಅಜ್ಜಿಗೆ ಬಹಳ ಹಿಡಿಸಿತು. ಎಪ್ಪತ್ತರ ಆಸುಪಾಸಿನ ಗಟ್ಟಿ ಮುದುಕಿ. ಮನೆಯ ಮೂರೂ ಹಳೆ ಬಲ್ಬುಗಳನ್ನು ಅಲ್ಲೇ ಬಿಚ್ಚಿಸಿ ಹೊಸದು ಹಾಕಿಸಿದಳು. ನಾನು ಆ ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು 'ಮಾದರಿ ಮನೆ' ಎಂದು ವರದಿ ಬರೆದು ಕಳಿಸಿದೆ.

ಎರಡು ತಿಂಗಳ ನಂತರ ಮೀಟರ್ ಓದುವವನು ಬಂದು ತಲೆ ಕೆರೆದುಕೊಂಡ. "ಸಾರ್, ನಿಮ್ ಮಾದರಿ ಮನೇಲಿ ಯೂನಿಟ್ ಜಾಸ್ತಿ ಆಗೈತೆ."

"ಮೀಟರ್ ಕೆಟ್ಟಿರ್ಬೇಕು."

"ಮೀಟರ್ ಬದಲಾಯಿಸಿ ನೋಡಿದೀನಿ ಸಾರ್. ಇದೂ ಅಂಗೇ ಓಡ್ತೈತೆ."

ವರದಿ ಮೇಲೆ ಹೋಗಿಯಾಗಿತ್ತು. ಮೇಲಿನವರು ಮಾದರಿ ಮನೆ ನೋಡಲು ಬಂದರೆ ನನ್ನ ಮಾನ ಹೋಗುತ್ತದೆ. ಓಡಿದೆ. ಮಧ್ಯಾಹ್ನ ಹನ್ನೆರಡು ಗಂಟೆ. ದೂರದಿಂದಲೇ ಆ ಮನೆ ಮದುವೆ ಮನೆ ಥರ ಕಂಡಿತು. ಜಗಲಿಯಲ್ಲೊಂದು, ಹಟ್ಟಿ ಬಾಗಿಲಲ್ಲೊಂದು, ತುಳಸಿ ಕಟ್ಟೆಗೊಂದು, ಬಚ್ಚಲಲ್ಲಿ ಒಂದು, ಬಚ್ಚಲಿನ ಹೊರಗೊಂದು, ನುಗ್ಗೆಮರಕ್ಕೊಂದು. ಎಲ್ಲವೂ ಉರಿಯುತ್ತಿದ್ದವು. ಹಟ್ಟಿಯೊಳಗೆ ಎರಡು ದನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಮಲಗಿದ್ದವು.

"ಏನಜ್ಜಿ ಇದು, ಹಗಲೊತ್ನಲ್ಲಿ ಇಷ್ಟೊಂದು ದೀಪ?"

ಅಜ್ಜಿಗೆ ನನ್ನ ದಡ್ಡತನ ನೋಡಿ ಕನಿಕರ ಬಂತು. "ನೀನೇ ಯೋಳ್ದಲ್ಲಪ್ಪ, ಮೇಕೆಮರಿ ಅಂತ. ಎಮ್ಮೆ ಮಾರಿ ಮೇಕೆ ತಂದೋರು ಯಾರಾದ್ರೂ ಮೂರೇ ಕಟ್ತಾರಾ? ಮಂದೆ ಕಟ್ಟಿವ್ನಿ ಬುಡು."

ನೆರಳಿನಲ್ಲಿ ಸೂರ್ಯ

ಕುಣಿಗಲ್‌ನಲ್ಲಿ ಬಸ್ಸು ನಿಲ್ಲುವ ಒಂದು ತಿರುವು. ಅಲ್ಲೊಂದು ಹೊಂಗೆಮರ, ಕೊಡೆ ಬಿಚ್ಚಿದ ಹಾಗೆ. ಅದರ ಬುಡದಲ್ಲಿ ಬೈಕಿನ ಸೀಟು ಹೊಲಿಯುವ ಒಬ್ಬ ಭಾಯಿ ಇಪ್ಪತ್ತು ವರ್ಷದಿಂದ ಮಿಷನ್ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಟೀ ಗಾಡಿ. ಎಲ್ಲಿಂದಲೋ ಸೋಲಾರ್ ಬೀದಿದೀಪದ ಯೋಜನೆ ಬಂದು, ಕಂಟ್ರಾಕ್ಟರು ಸರಿಯಾಗಿ ಆ ಮರದ ಕೆಳಗೇ ಕಂಬ ನಿಲ್ಲಿಸಿ, ಅದರ ಮೇಲೆ ಪ್ಯಾನೆಲ್ ಕೂರಿಸಿ, ಉದ್ಘಾಟನೆಯನ್ನೂ ಮಾಡಿಸಿ ಹೋದ. ದೀಪ ಒಂದು ದಿನವೂ ಹತ್ತಲಿಲ್ಲ. ಜನ ಬಂದು ನನ್ನ ಕುತ್ತಿಗೆ ಹಿಡಿದರು. ನಾನು ಕಂಟ್ರಾಕ್ಟರನನ್ನು ಕರೆಸಿದೆ.

ಅವನು ಮೇಲೆ ನೋಡಿದ. ಎಲೆ ಬಿಟ್ಟರೆ ಬೇರೇನೂ ಕಾಣಲಿಲ್ಲ. "ಬಿಸ್ಲು ಬೀಳ್ತಿಲ್ಲ ಸಾರ್. ಮರ ತೆಗೀಬೇಕಾಗುತ್ತೆ."

"ಮರ ಕಡಿಯೋದಾ?"

"ಪರಿಸರಕ್ಕೋಸ್ಕರ ಸಾರ್" ಎಂದ, ಗಂಭೀರವಾಗಿ.

ಭಾಯಿ ಮಿಷನ್ ನಿಲ್ಲಿಸಿದರು. ಆ ಮರ ಹೋದರೆ ಅವರ ಅಂಗಡಿಗೆ ಚಾವಣಿಯೇ ಇಲ್ಲ. ಆದರೂ ಜಗಳಕ್ಕೆ ಬರಲಿಲ್ಲ, ನಿಧಾನವಾಗಿ ಎದ್ದು ಬಂದು ನನಗೆ ಹೇಳಿದರು: "ಸಾರ್, ಇಪ್ಪತ್ತು ವರ್ಷ ಆಯ್ತು, ಒಂದು ದಿನ ಫ್ಯಾನ್ ಹಾಕಿಲ್ಲ ನಾನು. ಮರ ಕಡೀರಿ, ಬೇಡ ಅನ್ನಲ್ಲ. ನಾಳೆ ಬೆಳಿಗ್ಗೆ ನನಗೊಂದು ಫ್ಯಾನು, ಟೀ ಗಾಡಿಯವ್ರಿಗೊಂದು ಫ್ಯಾನು, ಬಸ್ಸಿಗೆ ಕಾಯೋರಿಗೆ ಎರಡು ಫ್ಯಾನು, ಎಲ್ಲಕ್ಕೂ ಕನೆಕ್ಷನ್ ಕೊಡ್ಬೇಕು ನೀವು. ಒಂದು ದೀಪ ಉಳಿಸಿ ನಾಕು ಫ್ಯಾನು ತಿರುಗ್ಸೋದು ಯಾವ ಲೆಕ್ಕ ಸಾರ್?"

ನನ್ನ ಅಷ್ಟೂ ಭಾಷಣಗಳಲ್ಲಿ ಇಷ್ಟು ಚೊಕ್ಕವಾದ ಮಾತು ಒಂದೂ ಇರಲಿಲ್ಲ. ಮರ ಮುಟ್ಟಬಾರದು, ಕಂಬವನ್ನೇ ಜರುಗಿಸಿ ಎಂದು ಕಾಗದ ಬರೆದೆ. ಮರ ಉಳಿಯಿತು. ಕಂಬ ಮಾತ್ರ ಜರುಗಲಿಲ್ಲ, ದಾಖಲೆಯಲ್ಲಿ ಅದು ಆಗಲೇ ಉರಿಯುತ್ತಿತ್ತಂತೆ. ಕೊನೆಗೆ ವಾರ್ಡಿನವರು ತಾಳ್ಮೆಗೆಟ್ಟು ಆ ಸೋಲಾರ್ ದೀಪಕ್ಕೆ ನಮ್ಮ ಲೈನಿನಿಂದಲೇ ವೈರು ಎಳೆಸಿದರು.

ಮುಂದೆ ಒಂದು ದಿನ ಮಧ್ಯಾಹ್ನ ಆ ಕಡೆ ಹೋದರೆ ದೀಪ ಝಗಝಗ ಉರಿಯುತ್ತಿದೆ. ಕತ್ತಲಾದರೆ ತಾನೇ ಹತ್ತಿಕೊಳ್ಳುವ ದೀಪ ಅದು. ಹೊಂಗೆಯ ನೆರಳಿನಲ್ಲಿ ಅದಕ್ಕೆ ಯಾವಾಗಲೂ ಕತ್ತಲೆಯೇ.

"ಹಗಲೂ ಉರೀತಿದ್ಯಲ್ಲ ಭಾಯಿ?" ಎಂದೆ.

"ಉರೀಲಿ ಬಿಡಿ ಸಾರ್" ಎಂದು ಭಾಯಿ ದೀಪಕ್ಕೆ ಹಿಡಿದು ಸೂಜಿಗೆ ದಾರ ಪೋಣಿಸುತ್ತ ಹೇಳಿದರು, "ಸೂರ್ಯ ಹುಟ್ಟಿರೋ ವಿಷಯ ಸೋಲಾರ್‌ಗೆ ಇನ್ನೂ ಗೊತ್ತಾಗಿಲ್ಲ."

ಕ್ಯಾತ್ಸಂದ್ರದ ಭಾಷಣ

ಇದರಲ್ಲಿ ಪೆಟ್ಟು ಬಿದ್ದಿದ್ದು ನನಗೇ, ಆದರೂ ಹೇಳಿಬಿಡುತ್ತೇನೆ. ಕ್ಯಾತ್ಸಂದ್ರದ ಒಂದು ಕಾಲೇಜಿನಲ್ಲಿ 'ಜಗತ್ತಿನ ವಿದ್ಯುತ್ ದಾಹ' ಎಂದು ಮಾತಾಡಲು ಕರೆದಿದ್ದರು. ಓದಿದ ಮಕ್ಕಳು, ಎಮ್ಮೆ ಮೇಕೆಯ ಕಥೆ ನಡೆಯುವುದಿಲ್ಲ. ಹೆಂಡತಿ ಹೇಳಿದಳು, "ಈಗ ಎಲ್ರೂ ಫೋನಿಗೆ ಕೇಳಿದ್ರೆ ಅದೇ ಬರ್ಕೊಡುತ್ತೆ ಕಣ್ರೀ." ಕೇಳಿದೆ. ಬರೆದುಕೊಟ್ಟಿತು. ಉದ್ದವಾಯಿತು, ಚಿಕ್ಕದು ಮಾಡು ಎಂದೆ. ಚಿಕ್ಕದಾಯಿತು, ಇನ್ನಷ್ಟು ಭಾವುಕವಾಗಿರಲಿ ಎಂದೆ. ಭೂಮಿತಾಯಿ ಕಣ್ಣೀರಿಟ್ಟಳು. ಇಷ್ಟು ಬೇಡ ಎಂದೆ. ಹೀಗೆ ಒಂಬತ್ತು ಸಲ.

ಭಾಷಣ ಸೊಗಸಾಗಿಯೇ ಹೋಯಿತು. ದೂರದೇಶಗಳಲ್ಲಿ ಊರಿನಷ್ಟು ದೊಡ್ಡ ಕಟ್ಟಡಗಳ ತುಂಬ ಕಂಪ್ಯೂಟರ್ ಇಟ್ಟಿದ್ದಾರೆ, ನಾವು ಫೋನಿನಲ್ಲಿ ಕೇಳುವ ಒಂದೊಂದು ಪ್ರಶ್ನೆಗೂ ಅಲ್ಲಿ ಕರೆಂಟು ಉರಿಯುತ್ತದೆ, ಅವು ಬಿಸಿಯಾಗುತ್ತವೆಂದು ತಣ್ಣಗೆ ಮಾಡಲು ಮತ್ತೆ ಕರೆಂಟು ಬೇಕು, ಎಂದೆಲ್ಲ ಓದಿದೆ. ಚಪ್ಪಾಳೆ ಬಿತ್ತು.

ಪ್ರಶ್ನೋತ್ತರದಲ್ಲಿ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಸಾರ್, ಭಾಷಣ ತುಂಬಾ ಚೆನ್ನಾಗಿತ್ತು. ಕೊನೇ ಸಾಲು ಇನ್ನೊಂದ್ಸಲ ಓದ್ತೀರಾ?"

ಹೆಮ್ಮೆಯಿಂದ ಹಾಳೆ ತಿರುಗಿಸಿ ಓದಿದೆ: "ಈ ಭಾಷಣವನ್ನು ಇನ್ನೂ ಚಿಕ್ಕದಾಗಿ ಬರೆದುಕೊಡಬೇಕೆ?"

ಒಂದು ಗಂಟೆಯ ಕತ್ತಲೆ

ತುಮಕೂರಿನ ಒಂದು ಬಡಾವಣೆಯ ಸಂಘದವರು ಸಂಜೆ ಏಳರಿಂದ ಎಂಟರವರೆಗೆ ಮನೆಮನೆಯಲ್ಲೂ ದೀಪ, ಫ್ಯಾನು ಎಲ್ಲ ಆರಿಸಿ ಭೂಮಿಗೆ ವಿಶ್ರಾಂತಿ ಕೊಡುವುದೆಂದು ತೀರ್ಮಾನಿಸಿದರು. ಸಂಘದ ಅಧ್ಯಕ್ಷರು ರಿಟೈರಾದ ದೊಡ್ಡ ಅಧಿಕಾರಿ. ಹದಿನೈದು ದಿನ ಮನೆಮನೆಗೂ ತಿರುಗಿ ಒಪ್ಪಿಸಿದ್ದರು. ಒಪ್ಪದಿದ್ದವರು ಒಬ್ಬರೇ, ಅಧ್ಯಕ್ಷರ ಎದುರು ಮನೆಯವರು. ಚರಂಡಿ ವಿಷಯಕ್ಕೆ ಇಬ್ಬರಿಗೂ ಮೂರು ವರ್ಷದಿಂದ ಮಾತಿಲ್ಲ. "ಅವ್ರು ಆರ್ಸು ಅಂದ್ರೆ ನಾನು ಇನ್ನೆರಡು ಹಚ್ತೀನಿ" ಎಂದಿದ್ದರಂತೆ. ಅಧ್ಯಕ್ಷರಿಗೆ ಇದೊಂದೇ ಕೊರಗು.

ಮುಖ್ಯ ಅತಿಥಿಯಾಗಿ ನಾನು ಆರೂವರೆಗೆ ಹೋದೆ. ಪಾರ್ಕಿನಲ್ಲಿ ಶಾಮಿಯಾನ, ಮೈಕ್ ಸೆಟ್ಟು, ವೇದಿಕೆಗೆ ನಾಲ್ಕು ದೊಡ್ಡ ಫೋಕಸ್ ಲೈಟು. ಪಕ್ಕದಲ್ಲಿ ಡೀಸೆಲ್ ಜನರೇಟರ್ ಗುಡುಗುತ್ತ ಕಪ್ಪು ಹೊಗೆ ಬಿಡುತ್ತಿತ್ತು.

"ಇದ್ಯಾಕೆ ಸಾರ್?" ಎಂದೆ.

"ಕತ್ಲೆ ಆದ್ಮೇಲೆ ಕತ್ಲೆ ಬಗ್ಗೆ ಮಾತಾಡೋರು ಕಾಣ್ಬೇಡ್ವೇನ್ರೀ?" ಎಂದರು ಅಧ್ಯಕ್ಷರು.

ಏಳಕ್ಕೆ ಐದು ನಿಮಿಷ. ಅಧ್ಯಕ್ಷರ ಕಣ್ಣೆಲ್ಲ ಎದುರು ಮನೆಯ ಮೇಲೆ. ಅಲ್ಲಿ ಬೇಕೆಂದೇ ಮಹಡಿಯ ದೀಪವನ್ನೂ ಹಾಕಿದ್ದರು. ಏಳು ಹೊಡೆಯುವ ಹೊತ್ತಿಗೆ ಅಧ್ಯಕ್ಷರು ಮೈಕ್ ಹಿಡಿದು ಎಣಿಸತೊಡಗಿದರು. "ಐದು... ನಾಲ್ಕು... ಮೂರು..."

ಎರಡು ಎನ್ನುವ ಮೊದಲೇ ಇಡೀ ಬಡಾವಣೆ ಒಂದೇ ಏಟಿಗೆ ಆರಿಹೋಯಿತು. ಒಂದು ಮನೆ ಮುಂದಿಲ್ಲ, ಒಂದು ಮನೆ ಹಿಂದಿಲ್ಲ. ಬೀದಿದೀಪವೂ ಹೋಯಿತು. ಎದುರು ಮನೆಯ ಮಹಡಿ ದೀಪವೂ ಹೋಯಿತು.

ಅಧ್ಯಕ್ಷರ ಕಣ್ಣಲ್ಲಿ ನೀರು. "ಬಂಧುಗಳೇ, ಇದು ಒಗ್ಗಟ್ಟು! ವಿರೋಧ ಮಾಡ್ದೋರ ಮನಸ್ಸೂ ಕೊನೇ ಘಳಿಗೇಲಿ ಕರಗಿದೆ. ಆ ಮಹನೀಯರಿಗೆ ಇಲ್ಲಿಂದಲೇ ನನ್ನ ನಮಸ್ಕಾರ" ಎಂದು ಎದುರು ಮನೆಯ ಕಡೆಗೆ ಕೈ ಮುಗಿದರು. ಆಮೇಲೆ ಒಂದು ಗಂಟೆ ಭಾಷಣಗಳಾದವು. ನಾನೂ ಮಾತಾಡಿದೆ. ಜನರೇಟರ್ ಸದ್ದಿನಲ್ಲಿ ನಾನು ಏನು ಹೇಳಿದೆನೋ ನನಗೂ ಕೇಳಿಸಲಿಲ್ಲ.

ಎಂಟಾಯಿತು. ಮತ್ತೆ ಎಣಿಸಿದರು. "ಒಂದು! ಹಾಕಿ ದೀಪ!"

ಕತ್ತಲೆ ಕತ್ತಲೆಯಾಗಿಯೇ ಇತ್ತು. ಜನ ಮನೆಗೆ ಓಡಿ ಸ್ವಿಚ್ಚು ಟಕಟಕ ಒತ್ತಿ ವಾಪಸ್ ಬಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನಮ್ಮ ಲೈನ್‌ಮ್ಯಾನ್‌ಗೆ ಫೋನ್ ಮಾಡಿದೆ. ಅವನು ಬಂದು ಟಾರ್ಚು ಬಿಟ್ಟು ಟ್ರಾನ್ಸ್‌ಫಾರ್ಮರ್ ನೋಡಿದ. "ಫ್ಯೂಸು ಸುಟ್ಟೋಗೈತೆ ಸಾರ್. ಏಳಕ್ಕೇ ಹೋಗಿರ್ಬೇಕು. ಆದ್ರೆ ಒಂದು ಗಂಟೆಯಿಂದ ಒಬ್ರೂ ಫೋನ್ ಮಾಡಿಲ್ಲ! ನನ್ ಸರ್ವೀಸಲ್ಲಿ ಇದೇ ಮೊದ್ಲು."

"ಯಾಕೆ ಸುಟ್ಟಿತು?"

ಅಲ್ಲಿದ್ದ ಹೆಂಗಸೊಬ್ಬರು ಸಂಕೋಚದಿಂದ ಹೇಳಿದರು: "ಒಂದು ಗಂಟೆ ಕರೆಂಟ್ ಇರಲ್ವಲ್ಲ ಅಂತ ಆರೂಮುಕ್ಕಾಲಿಗೇ ಗೀಸರ್ ಹಾಕಿದ್ದೆ. ಟ್ಯಾಂಕಿಗೆ ನೀರೂ ಬಿಟ್ಟಿದ್ದೆ." ಪಕ್ಕದವರು ವಾಷಿಂಗ್ ಮಷೀನ್ ಹಾಕಿದ್ದರು. ಇನ್ನೊಬ್ಬರು ಗ್ರೈಂಡರ್. ಮತ್ತೊಬ್ಬರು ಎಂಟರವರೆಗೆ ರೂಮು ತಣ್ಣಗಿರಲಿ ಎಂದು ಎರಡೂ ಎಸಿ. ಭೂಮಿಗೆ ಕೊಡುವ ಒಂದು ಗಂಟೆಯ ವಿಶ್ರಾಂತಿಗಾಗಿ ಬಡಾವಣೆಯ ಪ್ರತಿ ಮನೆಯೂ ಹದಿನೈದು ನಿಮಿಷ ಮೊದಲೇ ಎಲ್ಲವನ್ನೂ ಒಟ್ಟಿಗೆ ಓಡಿಸಿತ್ತು.

ಅಷ್ಟರಲ್ಲಿ ಎದುರು ಮನೆಯವರು ಮೇಣದಬತ್ತಿ ಹಿಡಿದುಕೊಂಡು, ಒಂದು ತೋಳು ಮಾತ್ರ ಇಸ್ತ್ರಿಯಾದ ಶರಟಿನಲ್ಲಿ ಉರಿದುಕೊಂಡು ಬಂದರು. "ಯಾರ್ರೀ ನನ್ಗೆ ನಮಸ್ಕಾರ ಹಾಕಿದ್ದು? ನಾನೇನೂ ಆರಿಸ್ಲಿಲ್ಲ!"

ಅಧ್ಯಕ್ಷರಿಗೆ ಬಹಳ ಅವಮಾನವಾಗಿದೆ ಎಂದುಕೊಂಡು ನಾನು ಸಮಾಧಾನ ಹೇಳಲು ಹತ್ತಿರ ಹೋದೆ. ಅವರು ನನ್ನ ತೋಳು ಹಿಡಿದು ಜನರೇಟರ್ ಹಿಂದಕ್ಕೆ ಎಳೆದುಕೊಂಡು ಹೋಗಿ, ಕಿವಿಯಲ್ಲಿ ಹೇಳಿದರು:

"ಸಾರ್, ಹದಿನೈದು ದಿನ ಮನೆಮನೆ ಸುತ್ತಿ ನನ್ ಚಪ್ಪಲಿ ಸವೆದಿದ್ದೇ ಬಂತು. ಜಾಗೃತಿ ಗೀಗೃತಿ ಎಲ್ಲ ಆಗದ ಮಾತು. ಮುಂದಿನ್ ವರ್ಷ ಏಳಕ್ಕೆ ಸರಿಯಾಗಿ ನೀವೇ ಫ್ಯೂಸ್ ಕಿತ್ಬಿಡಿ. ನಾನು ಒಗ್ಗಟ್ಟಿನ ಭಾಷಣ ರೆಡಿ ಇಟ್ಕೋತೀನಿ."