ಅಮ್ಮನ ಬಚ್ಚಲಿಗೆ ನಾನೇ ಕಾವಲು

“ಯಾವ ಕಂಟ್ರಾಕ್ಟರನೂ ನಮ್ಮಮ್ಮನ ಕೈಯಿಂದ ಒಂದು ರೂಪಾಯಿ ಮುಂಗಡ ಕೀಳಲಾರ. ನಾನಿದ್ದೀನಿ!”

ಹೀಗೆ ನಾನು ಗುಡುಗಿದ್ದು ನಮ್ಮ ಬಚ್ಚಲುಮನೆಯ ಬಾಗಿಲಲ್ಲಿ, ಸೊಂಟಕ್ಕೆ ಟವೆಲ್ ಸುತ್ತಿಕೊಂಡು ನಿಂತು. ಕೇಳಿಸಿಕೊಂಡವರು ಇಬ್ಬರು. ಒಬ್ಬಳು ನನ್ನ ಅಮ್ಮ ಗಿರಿಜಮ್ಮ, ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಇನ್ನೊಬ್ಬಳು ನನ್ನ ಹೆಂಡತಿ ತಾರಾ, ಅಮ್ಮನ ಮೊಣಕಾಲಿಗೆ ಮುಲಾಮು ತಿಕ್ಕುತ್ತಿದ್ದಳು.

“ಪ್ರತಿಜ್ಞೆ ಆಮೇಲೆ ಮಾಡೋರಂತೆ, ಮೊದಲು ಒಂದು ಅಂಗಿ ಹಾಕ್ಕೊಳ್ಳಿ,” ಅಂದಳು ತಾರಾ.

ಅಂದು ಬೆಳಗ್ಗೆ ಅಮ್ಮ ಬಚ್ಚಲಲ್ಲಿ ಜಾರಿದ್ದಳು. ದೇವರು ದೊಡ್ಡವನು, ನಲ್ಲಿ ಹಿಡಿದುಕೊಂಡು ಬಚಾವಾದಳು. ಒಡೆದದ್ದು ಪ್ಲಾಸ್ಟಿಕ್ ಚೊಂಬು ಮಾತ್ರ. ಆದರೆ ಮನಸ್ಸಿಗೆ ಭಯ ಹೊಕ್ಕಿತು. ಅಂದಿನಿಂದ ಬಾಗಿಲಿಗೆ ಚಿಲಕ ಹಾಕುವುದಿಲ್ಲ, ತಾರಾ ಹೊರಗೆ ನಿಂತು ಮಾತಾಡುತ್ತಿದ್ದರೆ ಮಾತ್ರ ಸ್ನಾನ. ಎಪ್ಪತ್ತು ದಾಟಿದರೂ ಯಾರ ಕೈ ಕಾಯದೆ ಬದುಕಿದವಳು, ಈಗ ಎರಡು ಚೊಂಬು ನೀರಿಗೆ ಸೊಸೆಯನ್ನು ಕಾಯುವ ಹಾಗಾಯಿತು.

ನಮ್ಮದು ಅಹಮದಾಬಾದಿನ ನವರಂಗಪುರದಲ್ಲಿ ಅಪ್ಪ ರೈಲ್ವೆಯಲ್ಲಿದ್ದಾಗ ಕೊಂಡ ಫ್ಲಾಟು. ಬಚ್ಚಲಿನ ನೆಲವೂ ಅಪ್ಪನ ಕಾಲದ್ದೇ, ಸವೆದೂ ಸವೆದೂ ಕನ್ನಡಿಯಾಗಿದೆ. ಅದನ್ನು ಕಿತ್ತು ಒರಟು ಟೈಲ್ಸ್ ಹಾಕಿಸಬೇಕು, ಗೋಡೆಗೆ ಸ್ಟೀಲಿನ ಹಿಡಿಕೆ ಕೂರಿಸಬೇಕು. ಅಪ್ಪ ಹೋಗುವಾಗ ಅಮ್ಮನ ಹೆಸರಲ್ಲಿ ಒಂದಿಷ್ಟು ದುಡ್ಡು ಬಿಟ್ಟಿದ್ದರು, ಅಮ್ಮ ಅದನ್ನು ಮುಟ್ಟಿರಲಿಲ್ಲ. “ಇದಕ್ಕೇ ಇರಬೇಕು ಬಿಟ್ಟುಹೋದದ್ದು,” ಅಂದಳು.

ಅಷ್ಟಾದರೆ ಮುಗಿಯಿತಲ್ಲ ಅನ್ನುತ್ತೀರಿ. ಕೆಳಗಿನ ಮನೆಯ ಅಜ್ಜಿಯ ಕಥೆ ನಿಮಗೆ ಗೊತ್ತಿಲ್ಲ. ಪೂರ್ತಿ ಹಣ ಮೊದಲೇ ಕೊಟ್ಟರೆ ಭಾರಿ ಡಿಸ್ಕೌಂಟು ಅಂತ ಯಾವನೋ ಹೇಳಿದ, ಕೊಟ್ಟರು. ಅವನು ಬಂದು ಅಡುಗೆಮನೆ ಒಡೆದ, ಹೋದ. ಪಾಪ, ನವರಾತ್ರಿಯಿಂದ ಬಾಲ್ಕನಿಯಲ್ಲಿ ರೋಟ್ಲಿ ಬೇಯಿಸುತ್ತಿದ್ದಾರೆ.

ನಾನೋ, ವಿಮಾ ಕಂಪನಿಯ ಅಧಿಕಾರಿ. ‘ವಂಚನೆಯಿಂದ ಪಾರಾಗುವ ಬಗೆ’ ಅಂತ ಆಫೀಸಿನಲ್ಲಿ ಭಾಷಣ ಮಾಡಿ ಸ್ಟೀಲ್ ಫ್ಲಾಸ್ಕ್ ಬಹುಮಾನ ಪಡೆದವನು. ಅಮ್ಮನ ಸುತ್ತ ಕೋಟೆ ಕಟ್ಟಲು ನನಗಿಂತ ಯೋಗ್ಯರು ಗುಜರಾತಿನಲ್ಲಿ ಇನ್ನಾರಿದ್ದಾರೆ?

ಕೋಟೆಯ ಮೊದಲ ಕಲ್ಲು, ಬ್ಯಾಂಕು. ಅಮ್ಮನ ಖಾತೆಯನ್ನು ನನ್ನ ಫೋನಿನಲ್ಲಿ ಕೂರಿಸಿದೆ, ಆದರೆ ಓಟಿಪಿ ಬರುವುದು ಅಮ್ಮನ ಫೋನಿಗೇ. ಅವಳು ಆ ನಂಬರು ಹೇಳದೆ ಬಿಡಿಗಾಸೂ ಅಲುಗಾಡುವಂತಿಲ್ಲ. ಎರಡನೆಯದು ತರಬೇತಿ. ನಾನು ಮಲಗುವ ಕೋಣೆಯಲ್ಲಿ ಕದ ಹಾಕಿಕೊಂಡು, ಮೂಗು ಒತ್ತಿ ಹಿಡಿದು, ಹಿಂದಿಯಲ್ಲಿ ಅಮ್ಮನಿಗೆ ಫೋನ್ ಮಾಡಿದೆ.

“ಮಾತಾಜಿ, ಮೈ ಬಾತ್‌ರೂಮ್ ಕಂಪನಿ ಸೇ ಬೋಲ್ ರಹಾ ಹೂಂ...”

“ಶ್ರೀಪಾದ, ಮೂಗು ಕಟ್ಟಿದೆಯೇನೋ? ಕಷಾಯ ಮಾಡ್ಲಾ?”

ನಾನು ಹೊರಗೆ ಬಂದು ತಲೆ ಚಚ್ಚಿಕೊಂಡೆ. “ಅಮ್ಮಾ, ಧ್ವನಿ ನನ್ನದು ಅಂದ ಮಾತ್ರಕ್ಕೆ ನಾನೇ ಅಂತ ನಂಬಬಾರದು. ಈಗ ಕಂಪ್ಯೂಟರಿನಲ್ಲಿ ಯಾರ ಧ್ವನಿ ಬೇಕಾದರೂ ನಕಲು ಮಾಡ್ತಾರೆ. ನಾಳೆ ನಾನೇ ಫೋನ್ ಮಾಡಿ ಓಟಿಪಿ ಕೇಳಿದರೂ ಕೊಡಬೇಡ.”

“ನೀನೇ ಕೇಳಿದರೂ?”

“ನಾನು ಅತ್ತು ಕರೆದರೂ ಕೊಡಬೇಡ. ಗುಪ್ತಪದ ಕೇಳು. ಮೂರು ಸಲ ತಪ್ಪು ಹೇಳಿದರೆ ಫೋನ್ ಇಟ್ಟುಬಿಡು.”

ಗುಪ್ತಪದವನ್ನು ನಾನೇ ಆರಿಸಿದೆ. ನಮ್ಮ ಘನತೆಗೆ ತಕ್ಕ ಹಾಗೆ, ಒಂದು ಸಾಮ್ರಾಜ್ಯದ ರಾಜಧಾನಿಯ ಹೆಸರು. ಅಮ್ಮ ಅದನ್ನು ದೇವರ ಮನೆಯಲ್ಲಿ ನಿಂತು ಹೇಳಿ ಹೇಳಿ ಬಾಯಿಪಾಠ ಮಾಡಿದಳು. ನಾನು ಆರಿಸಿದವನು, ನನಗೇಕೆ ಬಾಯಿಪಾಠ?

ಮುಂದಿನ ಶನಿವಾರ ಟೈಲ್ಸ್ ನೋಡೋಣ ಅಂತ ಒಂದು ಗೃಹಾಲಂಕಾರ ಮೇಳಕ್ಕೆ ಹೋದೆ. ಅಲ್ಲೊಂದು ಮಳಿಗೆಯಲ್ಲಿ ಸಿಕ್ಕಿದರು ಮಂಥನ್‌ಭಾಯಿ. ಕೋಟು, ಟೈ, ಅತ್ತರು. ಕೂರಿಸಿ ಏಲಕ್ಕಿ ಚಹಾ ಕೊಟ್ಟರು. ನಾನು ಬಂದ ವಿಷಯ ಹೇಳಿದ ಕೂಡಲೇ ಕೈ ಮುಗಿದರು.

“ಸಾಹೇಬ್, ಅಮ್ಮನಿಗಾಗಿ ಇಷ್ಟು ಯೋಚಿಸುವ ಮಗ ಈಗಿನ ಕಾಲದಲ್ಲಿ ಎಲ್ಲಿ? ನರೋಡಾದಲ್ಲಿ ನಮ್ಮದೇ ಫ್ಯಾಕ್ಟರಿ. ಬಾ ಅವರ ಬಾತ್‌ರೂಮ್ ನನ್ನ ಬಾತ್‌ರೂಮ್.”

ಇಲ್ಲಿ ‘ಬಾ’ ಅಂದರೆ ಅಮ್ಮ. ನನ್ನ ಅಮ್ಮನನ್ನು ಅವರೂ ಅಮ್ಮ ಅಂದದ್ದಕ್ಕೆ ನನ್ನ ಕಣ್ಣು ಒದ್ದೆಯಾಯಿತು. ಒದ್ದೆ ಕಣ್ಣಿಗೆ ಅಕ್ಷರ ಸರಿಯಾಗಿ ಕಾಣುವುದಿಲ್ಲ ನೋಡಿ. ಅವರು ತೋರಿಸಿದ ಕಾಗದದಲ್ಲಿ ‘ಪೂರ್ತಿ ಹಣ ಮುಂಗಡ, ಅರ್ಧ ಬೆಲೆ, ಇಂದು ಸಂಜೆ ಐದರವರೆಗೆ ಮಾತ್ರ’ ಅಂತಿತ್ತು. ನನಗೆ ಕಂಡದ್ದು ‘ಅರ್ಧ ಬೆಲೆ’ ಒಂದೇ. ಟೈಲ್ಸ್ ಬೇರೆಯವರ ಪಾಲಾಗದಿರಲಿ ಅಂತ ಅವರು ಕೇಳಿದ ಐದು ಸಾವಿರದ ಟೋಕನ್ನನ್ನು ನನ್ನ ಜೇಬಿನಿಂದಲೇ ಕೊಟ್ಟೆ. ಉಳಿದದ್ದಕ್ಕೆ ಅಮ್ಮನ ಖಾತೆ ತೆರೆದು, ಮೊತ್ತ ಒತ್ತಿ, ಅಮ್ಮನಿಗೆ ಫೋನ್ ಮಾಡಿದೆ. ಐದಕ್ಕೆ ಹತ್ತು ನಿಮಿಷ ಬಾಕಿ.

“ಅಮ್ಮಾ, ನಿನ್ನ ಫೋನಿಗೊಂದು ನಂಬರು ಬಂದಿರುತ್ತೆ. ಹೇಳು ಬೇಗ.”

“ಯಾರು ಮಾತಾಡೋದು?”

“ನಾನಮ್ಮಾ, ಶ್ರೀಪಾದ!”

“ಧ್ವನಿ ಅವನದೇ. ಆದರೆ ಧ್ವನಿ ನಂಬಬೇಡ ಅಂದಿದ್ದಾನೆ ನನ್ನ ಮಗ. ಗುಪ್ತಪದ ಹೇಳಿ.”

ನನ್ನ ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ. ಸಾಮ್ರಾಜ್ಯ ಅನ್ನುವುದು ನೆನಪಿದೆ, ಯಾವುದು ಅಂತಿಲ್ಲ.

“ಹಂಪಿ!”

“ತಪ್ಪು.”

“ಬಾದಾಮಿ?”

“ಅದೂ ಅಲ್ಲ.”

“ಅಮ್ಮಾ, ತಲಕಾಡು, ಇಲ್ಲಾಂದ್ರೆ ಬನವಾಸಿ, ಇವೆರಡರಲ್ಲಿ ಒಂದು!”

ಮಂಥನ್‌ಭಾಯಿ ಗಡಿಯಾರ ನೋಡಿಕೊಂಡು ಕೇಳಿದರು, “ಟೂರ್ ಪ್ಯಾಕೇಜಾ ಸಾಹೇಬ್?”

“ಮೂರು ಸಲ ಮುಗೀತು,” ಅಂದಳು ಅಮ್ಮ. “ಆದರೂ ಪಾಪ, ಇನ್ನೊಂದು ಅವಕಾಶ ಕೊಡ್ತೀನಿ. ಇವತ್ತು ಬೆಳಗ್ಗೆ ತಿಂಡಿ ಏನಿತ್ತು?”

ಬೆಳಗ್ಗೆ ನಾನು ಫೋನಿನಲ್ಲಿ ಟೈಲ್ಸ್ ನೋಡುತ್ತ ಏನನ್ನೋ ನುಂಗಿದ್ದೆ. “ಉಪ್ಪಿಟ್ಟು,” ಅಂದೆ.

ಅತ್ತ ಕಡೆ ತಾರಾಳ ದನಿ ಕೇಳಿಸಿತು. “ಅತ್ತೆ, ಅವಲಕ್ಕಿ ತಿಂದು ಉಪ್ಪಿಟ್ಟು ಅನ್ನುತ್ತಿದ್ದಾರೆ ಅಂದಮೇಲೆ ಇವರೇ. ಅನುಮಾನವೇ ಬೇಡ.”

“ಇರಲಿ ಕಣೇ, ನಿಯಮ ಅಂದ್ರೆ ನಿಯಮ,” ಅಂದ ಅಮ್ಮ ಫೋನ್ ಇಟ್ಟಳು. ಮತ್ತೆ ಮಾಡಿದೆ, ಎತ್ತಲಿಲ್ಲ. ತಾರಾಳಿಗೆ ಮಾಡಿದೆ. “ಅತ್ತೆ ಫೋನನ್ನು ಅಕ್ಕಿ ಡಬ್ಬದಲ್ಲಿ ಹಾಕಿ, ಅದರ ಮೇಲೆ ಕೂತಿದ್ದಾರೆ ಕಣ್ರೀ,” ಅಂದಳು. ಐದು ಹೊಡೆಯಿತು. ಮಂಥನ್‌ಭಾಯಿ ನನ್ನ ಚಹಾದ ಲೋಟವನ್ನೂ ಎತ್ತಿಕೊಂಡು ಹೋದರು, ಅದರಲ್ಲಿ ಇನ್ನೂ ಎರಡು ಗುಟುಕಿತ್ತು.

ಮನೆಗೆ ಬಂದು ಎರಡು ದಿನ ಮುಖ ಊದಿಸಿಕೊಂಡು ಕೂತೆ. ಅರ್ಧ ಬೆಲೆ ಕೈತಪ್ಪಿತಲ್ಲ! “ಗುಪ್ತಪದ ಯಾವುದಮ್ಮಾ?” ಅಂದರೆ, “ಈಗ ಕೇಳ್ತಿರೋದು ಶ್ರೀಪಾದನೇ ಅಂತ ಏನು ಗ್ಯಾರಂಟಿ?” ಅಂದು ಸಾರಿಗೆ ಒಗ್ಗರಣೆ ಹಾಕಿದಳು.

ತಡೆಯಲಾರದೆ ಮಂಗಳವಾರ ಆಫೀಸಿಗೆ ರಜೆ ಹಾಕಿ ನರೋಡಾಕ್ಕೆ ಹೊರಟೆ. ಮಂಥನ್‌ಭಾಯಿಯ ಕಾಲು ಹಿಡಿದಾದರೂ ಅರ್ಧ ಬೆಲೆಯನ್ನು ಮರಳಿ ಪಡೆಯುವುದೆಂದು ನಿರ್ಧಾರ. ಟೋಕನ್ ರಸೀದಿಯಲ್ಲಿದ್ದ ವಿಳಾಸ ಹುಡುಕಿ, ಕಾರ್ಖಾನೆಗಳ ನಡುವೆ ಅಲೆದು, ಕೊನೆಗೆ ಒಂದು ಗೇಟಿನ ಮುಂದೆ ನಿಂತೆ. ಗೇಟು, ಗೋಡೆ, ಒಳಗಿನ ನಾಯಿ, ಎಲ್ಲವೂ ಹಳದಿ. ಅದು ಬಟ್ಟೆಗೆ ಹಾಕುವ ಬಣ್ಣದ ಪುಡಿ ಮಾಡುವ ಕಾರ್ಖಾನೆ. ಹೊರಗೆ ಆರೇಳು ಮಂದಿ ರಸೀದಿ ಹಿಡಿದು ನಿಂತಿದ್ದರು. ಒಬ್ಬ ಮುದುಕರು ಹೆಂಡತಿಯ ಕೈ ಹಿಡಿದುಕೊಂಡು ಕಾವಲುಗಾರನನ್ನು ಕೇಳುತ್ತಿದ್ದರು, “ಭಾಯಿ, ಮಂಥನ್‌ಭಾಯಿ ಎಲ್ಲಿ ಸಿಗ್ತಾರೆ?”

“ಕಾಕಾ, ಬೆಳಗ್ಗೆಯಿಂದ ಎಲ್ಲರಿಗೂ ಹೇಳ್ತಾ ಇದೀನಿ. ಆ ಹೆಸರಿನವರು ಯಾರೂ ಇಲ್ಲಿಲ್ಲ. ಇಲ್ಲಿ ಬಾತ್‌ರೂಮ್ ಮಾಡಲ್ಲ.”

ಆ ಮುದುಕರ ಕೈಯಲ್ಲಿದ್ದದ್ದೂ ನನ್ನಂಥದೇ ರಸೀದಿ. ಅಮ್ಮ ಆ ನಂಬರು ಹೇಳಿಬಿಟ್ಟಿದ್ದರೆ, ಅಪ್ಪ ಬಿಟ್ಟುಹೋದದ್ದೆಲ್ಲ ಆ ಕೋಟಿನ ಜೇಬು ಸೇರಿ, ನನ್ನ ಅಮ್ಮ ಇಷ್ಟು ಹೊತ್ತಿಗೆ ಅದೇ ಜಾರುವ ಬಚ್ಚಲಿನ ಮುಂದೆ ಬರಿಗೈಯಲ್ಲಿ ನಿಂತಿರುತ್ತಿದ್ದಳು. ಆ ವೃದ್ಧ ದಂಪತಿಯನ್ನು ಆಟೋದಲ್ಲಿ ಕೂರಿಸಿಕೊಂಡು ಪೊಲೀಸ್ ಠಾಣೆಗೆ ಹೋಗಿ, ಅವರದ್ದೂ ನನ್ನದೂ ದೂರು ಕೊಟ್ಟು ಬಂದೆ. ಠಾಣೆಯಲ್ಲಿ ‘ಉದ್ಯೋಗ’ ಅಂತ ಕೇಳಿದಾಗ ವಿಮಾ ಅಧಿಕಾರಿ ಅಂದೆ. ವಂಚನೆಯ ಬಗ್ಗೆ ಭಾಷಣ ಮಾಡುವವನು ಅನ್ನಲಿಲ್ಲ.

ಮನೆಗೆ ಬಂದಾಗ ತಾರಾ ಬಾಗಿಲು ತೆರೆದು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. “ಏನ್ರೀ ಇದು, ಎಲ್ಲಾದ್ರೂ ಅರಿಶಿನ ಶಾಸ್ತ್ರಕ್ಕೆ ಹೋಗಿದ್ರಾ?”

ನಾನು ನೆಟ್ಟಗೆ ಅಮ್ಮನ ಹತ್ತಿರ ಹೋಗಿ ಕಾಲಿಗೆ ಬಿದ್ದೆ. ಅವಳ ಸೀರೆಯಂಚೂ ಹಳದಿಯಾಯಿತು. ನಡೆದದ್ದೆಲ್ಲ ಹೇಳಿದೆ, ಆ ಐದು ಸಾವಿರವನ್ನೂ ಮುಚ್ಚಿಡಲಿಲ್ಲ. ಬೈಯುತ್ತಾಳೆ ಅಂದುಕೊಂಡಿದ್ದೆ. ಅಮ್ಮ ತಲೆ ಸವರಿ, “ಹೋದರೆ ಹೋಯ್ತು ಬಿಡು, ಆ ವಯಸ್ಸಾದವರ ದುಡ್ಡು ಸಿಗಲಿ ಪಾಪ,” ಅಂದಳು.

ಬಚ್ಚಲಿನ ಕೆಲಸವನ್ನು ಕೊನೆಗೆ ಅಮ್ಮನೇ ಮಾಡಿಸಿದಳು. ಸಾಮಾನು ನಾವೇ ತಂದೆವು. ನೆಲ ಆದ ಮೇಲೆ ನೆಲದ ಕೂಲಿ, ಹಿಡಿಕೆ ಕೂರಿಸಿ ಅದಕ್ಕೆ ನಾನು ಜೋತುಬಿದ್ದು ತೋರಿಸಿದ ಮೇಲೆ ಹಿಡಿಕೆಯ ಕೂಲಿ. ಕೆಲಸ ಮುಗಿದ ದಿನ ಅಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಚಿಲಕದ ಸದ್ದು ಕೇಳಿ ನನಗೂ ತಾರಾಳಿಗೂ ಆದ ಸಂತೋಷ ಅಷ್ಟಿಷ್ಟಲ್ಲ. ನಾನು ಹೊರಗೆ ನಿಂತು ಮನಸ್ಸಿನಲ್ಲೇ ಕೈ ಮುಗಿದೆ, ಅಪ್ಪನಿಗೂ, ಅಮ್ಮನಿಗೂ, ಆ ಅಕ್ಕಿ ಡಬ್ಬಕ್ಕೂ.

ಅಮ್ಮ ಹೊರಗೆ ಬಂದು ತಲೆ ಒರೆಸಿಕೊಳ್ಳುತ್ತ ಕೂತಾಗ ಮೆಲ್ಲಗೆ ಕೇಳಿದೆ. “ಅಮ್ಮಾ, ನನ್ನ ತರಬೇತಿ ಕೆಲಸಕ್ಕೆ ಬಂತು ಅಲ್ವಾ? ಆ ದಿನ ಫೋನಿನಲ್ಲಿ ಮಾತಾಡ್ತಿರೋದು ನಾನೇ ಅಂತ ನಿನಗೆ ಗೊತ್ತೇ ಆಗಲಿಲ್ಲ.”

“ಗೊತ್ತಾಗದೆ ಏನು? ಹಲೋ ಅಂದಾಗಲೇ ಗೊತ್ತಾಯ್ತು.”

“ಮತ್ತೆ ಯಾಕೆ ಕೊಡಲಿಲ್ಲ?”

ಅಮ್ಮ ಟವೆಲನ್ನು ನಿಧಾನವಾಗಿ ಮಡಿಸಿದಳು.

“ನೀನೇ ಅಂತ ಗೊತ್ತಾದ್ದಕ್ಕೇ ಕೊಡಲಿಲ್ಲ ಕಣೋ.”