ಕೊಳದ ಗೇಟಿಗೆ ತಗಡು

ಗುಬ್ಬಿಯ ಅಪ್ಪ ಒದ್ದೆ ಲಂಗ ಹಿಂಡಿ ಹಗ್ಗಕ್ಕೆ ಹಾಕುವಷ್ಟರಲ್ಲಿ ಕೆಳಗಿನಿಂದ ನೆರೆಮನೆಯ ಮೇಷ್ಟ್ರ ಕೂಗು ಕೇಳಿಸಿತು.

"ಬಟ್ಟೆ ಆಮೇಲೆ ಒಣಗ್ಲಿ ಮಾರಾಯಾ! ಕೊಳದ ಗೇಟು ಮತ್ತೆ ಹಾರು ಹೊಡ್ಕೊಂಡಿದೆ!"

ವಠಾರದ ಈಜುಕೊಳಕ್ಕೆ ಗೇಟೇನೋ ಇತ್ತು, ಚಿಲಕ ಇರಲಿಲ್ಲ. ಹೋದ ವಾರ ಕೆಳಮನೆಯ ಕೂಸು ನೀರಿಗೆ ಬಿದ್ದು, ಯಾರೋ ಜುಟ್ಟು ಹಿಡಿದೆಳೆದು ಉಳಿಸಿದ್ದರು. ಅಂದಿನಿಂದ ಇವನಿಗೆ ಕಣ್ಣು ಮುಚ್ಚಿದರೆ ನೀರೇ. ಆರು ವರ್ಷದ ಮಗಳು ಗುಬ್ಬಿಗೋ, ನೀರು ಕಂಡರೆ ಪ್ರಾಣ. "ಏನಾದ್ರೂ ಮಾಡ್ಬೇಕು" ಎಂದು ಸಭೆಯಲ್ಲಿ ಬಾಯಿ ಬಿಟ್ಟದ್ದೇ ತಡ, ಕೆಲಸ ಇವನ ತಲೆಗೇ ಬಿದ್ದಿತ್ತು.

ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಇವನು ಸುತ್ತಿಗೆ ಹಿಡಿದು ಇಳಿದ. ಹಿಂದೆ ಬಾಲದಂತೆ ಗುಬ್ಬಿ.

ಮಧ್ಯಾಹ್ನದ ಹೊತ್ತಿಗೆ, ತಾನಾಗಿ ಬೀಳುವ ಚಿಲಕ ಕೂತಿತು. ಮೇಷ್ಟ್ರು ಮೂಗು ಮುರಿದರು. "ಹೊರಗಿದ್ರೆ ಮಕ್ಕಳು ತೆಗೀತಾವೆ. ಒಳಗಡೆ ಹಾಕು. ದೊಡ್ಡವರು ಮೇಲಿಂದ ಕೈ ಇಳಿಸಿ ತೆಗೀಲಿ."

ಬಿಚ್ಚಿ ಒಳಗೆ ಹಾಕಿದ. ಬೆರಳಿಗೊಂದು ಏಟೂ ಬಿತ್ತು.

"ಅಪ್ಪಾ…" ಎಂದಳು ಗುಬ್ಬಿ.

"ಆಮೇಲೆ ಕಂದಾ."

ಮೇಲ್ಮನೆಯ ದೊಡ್ಡಮ್ಮ ಬಾಲ್ಕನಿಯಿಂದಲೇ ತಪ್ಪು ಹುಡುಕಿದರು. "ಕಂಬಿ ಸಂದೀಲಿ ಮಗು ತೂರಲ್ವೇನೋ? ತಗಡು ಹೊಡಿ!"

ತಗಡು ಹೊಡೆದ.

"ಹತ್ತಿ ಹಾರಿದ್ರೆ?" ಎಂದರು ಮೇಷ್ಟ್ರು. "ಇನ್ನೂ ಎತ್ತರಕ್ಕೆ ಹೊಡಿ. ಕೆಲಸ ಅಂದ್ರೆ ಅಚ್ಚುಕಟ್ಟಾಗಿರ್ಬೇಕು."

ಇನ್ನೂ ಎತ್ತರಕ್ಕೆ ಹೊಡೆದ. ಒಳಗೆ ಹೋಗಿ ಚಪ್ಪಲಿ ಕಳಚಿಟ್ಟು ಮೊಳೆ ಬಗ್ಗಿಸಿ, ಹೊರಗೆ ಬಂದು ಮತ್ತೆ ಬಡಿದು, ಸಂಜೆಗೆ ಇವನ ಅಂಗಿ ಒರೆಸುಬಟ್ಟೆಯಂತಾಗಿತ್ತು. ವಠಾರವೆಲ್ಲ ಬಂದು ನಿಂತಿತು. ಇವನು ಮದುಮಗನಂತೆ ಗಂಟಲು ಸರಿಮಾಡಿಕೊಂಡು ಗೇಟು ತಳ್ಳಿದ. ಟಕ್! ಚಿಲಕ ಬಿತ್ತು. ಚಪ್ಪಾಳೆಯೂ ಬಿತ್ತು.

"ಇನ್ನು ಒಂದು ಇರುವೇನೂ ಒಳಗೆ ಹೋಗಲ್ಲ," ಎಂದ.

"ಗುಬ್ಬಿ ಎಲ್ಲೋ? ಅಪ್ಪನ ಪ್ರತಾಪ ನೋಡ್ಲಿ," ಎಂದರು ದೊಡ್ಡಮ್ಮ.

"ಇಲ್ಲೇ ಹಿಂದೆ…" ಎಂದು ತಿರುಗಿದ. ಹಿಂದೆ ಮೇಷ್ಟ್ರಿದ್ದರು.

ತಗಡಿನಾಚೆ ಪುಳಕ್ಕೆಂದು ನೀರಿನ ಸದ್ದಾಯಿತು.

"ಗುಬ್ಬೀ!"

ಇವನು ಕೈ ಚಾಚಿದ. ತಗಡಿನ ತುದಿಯೇ ಸಿಗಲಿಲ್ಲ. ಮೇಷ್ಟ್ರ ಹೆಗಲೇರಿದ, ತುದಿ ಸಿಕ್ಕಿತು, ಚಿಲಕ ಸಿಗಲಿಲ್ಲ.

"ಇಷ್ಟೆತ್ತರ ಯಾರೋ ಹೊಡಿ ಅಂದಿದ್ದು!" ಎಂದು ಕೆಳಗಿನಿಂದ ನರಳಿದರು ಮೇಷ್ಟ್ರು.

ಇವನ ಕಿವಿಗೆ ಯಾವುದೂ ಬೀಳಲಿಲ್ಲ. ಕೆಳಗೆ ಹಾರಿ ಗೇಟಿಗೆ ಮೈಯನ್ನೇ ಎಸೆದ. ಮೂರನೆಯ ಗುದ್ದಿಗೆ ಕಂಬ ಸಮೇತ ಕಿತ್ತುಬಂದ ಗೇಟು, ಊಟ ಹೆಚ್ಚಾದ ನೆಂಟನಂತೆ ಅಂಗಾತ ಮಲಗಿತು.

ಗುಬ್ಬಿ ಅಪ್ಪನ ಚಪ್ಪಲಿಯನ್ನು ದೋಣಿ ಮಾಡಿ ತೇಲಿಬಿಟ್ಟಿದ್ದಳು. ದೋಣಿ ದೂರ ಸರಿದಂತೆಲ್ಲ ಒಂದೊಂದೇ ಮೆಟ್ಟಿಲು ಇಳಿದು, ಎದೆಮಟ್ಟದ ನೀರಿನಲ್ಲಿ ತುದಿಗಾಲಲ್ಲಿ ನಿಂತಿದ್ದಳು.

ಇವನು ಬಾಚಿ ಎತ್ತಿಕೊಂಡ. ಅವಳ ಒದ್ದೆ ಕೂದಲಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಕೂತ. ನೆರೆದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಕೊಳಕ್ಕೆ ಈಗ ಚಿಲಕವಿರಲಿ, ಗೇಟೂ ಇರಲಿಲ್ಲ.

ಗುಬ್ಬಿ ಬಿದ್ದ ತಗಡನ್ನು ನೋಡಿದಳು, ನೀರನ್ನು ನೋಡಿದಳು. ಆಮೇಲೆ ಅಪ್ಪನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅಪ್ಪಾ, ನಾನು ಮುಳುಗಿ ಹೋಗಿದ್ರೆ, ತಗಡಿನಾಚೆಯಿಂದ ನಿಂಗೆ ಹೇಗೆ ಕಾಣಿಸ್ತಿದ್ದೆ?"