ಎರಡು ಶಿಶುವಿಹಾರ, ಒಂದು ಕತ್ತರಿ

ಗಿರಾಕಿಗಳ ಬಾಯಲ್ಲಿ ಕತ್ತರಿಯಣ್ಣನಾಗಿದ್ದ ಕ್ಷೌರದಂಗಡಿಯವನಿಗೆ ಆ ಬೆಳಗ್ಗೆ ಹೆಂಡತಿ ಚಹಾದ ಜೊತೆಗೇ ಗಡುವನ್ನೂ ಕೊಟ್ಟಳು. ನಾಳೆಯಿಂದ ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಚಪ್ಪಲಿ ಸವೆಸಿ ಗಿಟ್ಟಿಸಿಕೊಂಡದ್ದು. ಸರಕಾರಿ ಶಿಶುವಿಹಾರಕ್ಕೆ ಮಗಳನ್ನು ಸೇರಿಸಲು ಇಂದೇ ಕೊನೆಯ ದಿನ.

"ಮೇಲಿನ ಬೀದೀದೋ, ಕೆಳಗಿನ ಬೀದೀದೋ, ಸಂಜೆಯೊಳಗೆ ಗೊತ್ತು ಮಾಡಿ. ಇಲ್ದಿದ್ರೆ ನಾನು ಕೆಲಸ ಬಿಟ್ಟು ಮನೇಲೇ ಕೂರಬೇಕು. ಕೂತ್ರೆ ಸುಮ್ನೆ ಕೂರೋಳಲ್ಲ."

ಆ ಕೊನೆಯ ಮಾತಿಗೆ ಹೆದರಿ ಅವನು ಎರಡನ್ನೂ ನೋಡಿ ಬಂದ. ಕೆಳಗಿನದರಲ್ಲಿ ಆಟಿಕೆಗಳೆಲ್ಲ ಹೊಚ್ಚ ಹೊಸವು. ಹಾಳಾದಾವೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮಕ್ಕಳು ಗಾಜಿಗೆ ಮೂಗೊತ್ತಿಕೊಂಡೇ ಆಡಬೇಕು. ಮೇಲಿನದರಲ್ಲಿ ಬೊಂಬೆಗಳಿಗೆ ಕೈಕಾಲಿರಲಿಲ್ಲ, ಆದರೆ ಅಳುಬುರುಕ ಮಗುವೊಂದು ಟೀಚರ್ ಸೊಂಟದ ಮೇಲೆ ಕೂತು, ಅಳುತ್ತಲೇ ಹಾಡು ಹೇಳುತ್ತಿತ್ತು. ಅವನ ಮನಸ್ಸು ಅಲ್ಲೇ ಸೋತಿತು. ಜಾಗ ಒಂದೆರಡೇ ಉಳಿದಿವೆ, ಮಗುವನ್ನು ನೋಡದೆ ಸೇರಿಸಿಕೊಳ್ಳುವಂತಿಲ್ಲ, ಕರೆತನ್ನಿ ಎಂದರು ಟೀಚರ್. ಮಗಳೋ ಅಜ್ಜಿಯ ಮನೆಯಲ್ಲಿದ್ದಳು, ಬರುವುದು ಸಂಜೆಗೇ.

ಸಂಜೆಯವರೆಗೆ ಆ ಜಾಗ ಉಳಿದೀತೇ ಎಂದು ಲೆಕ್ಕ ಹಾಕುತ್ತಲೇ ಅಂಗಡಿ ತೆರೆದ. ಅಂಥ ಹೊತ್ತಿನಲ್ಲಿ ಮೊದಲ ಗಿರಾಕಿ ಅಂಚೆಯವನೇ ಬಂದು, ತನ್ನ ಮಗನಿಗೆ ಯಾವ ಶಿಶುವಿಹಾರ ವಾಸಿ ಎಂದು ಕೇಳಬೇಕೆ?

"ಕೆಳಗಿನದೇ ಬಿಡಿ. ಆಟಿಕೆ ನೋಡಿದ್ರೆ ನಾವೇ ಸೇರ್ಕೋಬೇಕು ಅನ್ಸುತ್ತೆ. ಮೇಲಿನದರ ಗೋಡೇಲಿ ಸ್ವಲ್ಪ ತೇವ ಕಂಡ ಹಾಗಿತ್ತಪ್ಪ."

ಅಂಚೆಯವನು ಮನೆಮನೆಗೂ ಕಾಗದದ ಜೊತೆ ಆ ತೇವವನ್ನೂ ಹಂಚಿದ. ಮಧ್ಯಾಹ್ನದ ಹೊತ್ತಿಗೆ ನಿವೃತ್ತ ಗುಮಾಸ್ತರು ಬಂದು, ಮೇಲಿನ ಶಿಶುವಿಹಾರದ ಚಾವಣಿ ಇವತ್ತೋ ನಾಳೆಯೋ ಬೀಳುವಂತಿದೆಯಂತೆ ಎಂದರು. ತಾನು ಬಿಟ್ಟ ಸುಳ್ಳು ಗಡ್ಡಮೀಸೆ ಬೆಳೆಸಿಕೊಂಡು ತನ್ನದೇ ಕುರ್ಚಿಯಲ್ಲಿ ಬಂದು ಕೂತದ್ದನ್ನು ಕಂಡು ಕತ್ತರಿಯಣ್ಣ ಬೆವರಿದ. ಅದನ್ನು ಕೊಂಚ ಕತ್ತರಿಸೋಣವೆಂದರೆ ಜಾಗ ಕೈತಪ್ಪೀತೆಂಬ ಭಯ. ಹಾಗಂತಾರೆ, ಎಂದಷ್ಟೇ ಅಂದ.

ಸಂಜೆ ಮಗಳನ್ನು ಹೆಗಲಿಗೇರಿಸಿಕೊಂಡು ಮೇಲಿನ ಬೀದಿಗೆ ಓಡಿದರೆ, ಆಯಾ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಚಾವಣಿಗೆ ಹೆದರಿ ಮುಕ್ಕಾಲು ಪಾಲು ಜನ ಮಕ್ಕಳ ಹೆಸರು ತೆಗೆಸಿದ್ದರಂತೆ. ಉಳಿದ ನಾಲ್ಕಾರು ಮಕ್ಕಳಿಗೆ ಇಷ್ಟು ದೊಡ್ಡ ಕಟ್ಟಡವೇಕೆಂದು ಮೇಲಧಿಕಾರಿ ಟೀಚರ್ ಸಮೇತ ಎಲ್ಲರನ್ನೂ ಕೆಳಗಿನದಕ್ಕೇ ಸಾಗಿಸಿದ್ದ.

ಎದ್ದೆನೋ ಬಿದ್ದೆನೋ ಎಂದು ಅಲ್ಲಿಗೆ ಓಡಿದ. ಮಕ್ಕಳು ಬೆಂಕಿಪೊಟ್ಟಣದ ಕಡ್ಡಿಗಳಂತೆ ಒತ್ತಿಕೊಂಡಿದ್ದರು. ಜಾಗವಿಲ್ಲ ಎಂದರು ಮುಖ್ಯ ಶಿಕ್ಷಕಿ, ಹಿಗ್ಗಿನಿಂದಲೇ.

"ಯಾರೋ ಪುಣ್ಯಾತ್ಮರು ನಮ್ಮನ್ನ ಊರೆಲ್ಲ ಹೊಗಳಿದ್ದಾರೆ. ಯಾರಂತ ಗೊತ್ತಾಗಲಿ, ಅವರ ಮಗುಗೆ ನನ್ನ ಕುರ್ಚೀನೇ ಬಿಟ್ಟುಕೊಡ್ತೀನಿ."

ಕತ್ತರಿಯಣ್ಣ ಬಾಯಿ ತೆರೆದ. ಅಷ್ಟರಲ್ಲಿ ಮೂಲೆಯಿಂದ, ಅದೇ ಅಳುಬುರುಕ ಮಗುವನ್ನು ಎತ್ತಿಕೊಂಡಿದ್ದ ಮೇಲಿನ ಬೀದಿಯ ಟೀಚರ್ ಮುಂದೆ ಬಂದರು.

"ಗೊತ್ತಾದ್ರೆ ನನಗೂ ಹೇಳಿ ಮೇಡಂ. ನಮ್ಮ ಗೋಡೆ ಕಥೆ ಕಟ್ಟಿದವರೂ ಅವರೇ ಅಂತೆ. ಯಾವುದೋ ಕ್ಷೌರದಂಗಡೀಲಿ ಹುಟ್ಟಿದ ಮಾತಂತೆ."

ತೆರೆದ ಬಾಯನ್ನು ಅವನು ಆಕಳಿಕೆಯಾಗಿಸಿ ಮುಚ್ಚಿದ. ಕಾಲ ಕೆಟ್ಟಿತು ಎನ್ನುತ್ತ ಬಾಗಿಲ ಕಡೆಗೆ ಹೆಜ್ಜೆಯಿಟ್ಟ.

ಹೆಗಲ ಮೇಲಿದ್ದ ಮಗಳು ಲಗಾಮು ಎಳೆದಂತೆ ಅವನ ಕೂದಲು ಹಿಡಿದು ನಿಲ್ಲಿಸಿದಳು.

"ನಮ್ಮಪ್ಪನ್ನ ಕೇಳಿ ಟೀಚರ್. ಅವರು ದಿನಾ ಅಲ್ಲೇ ಇರ್ತಾರೆ."